ನಾಲ್ಕು ಕಣ್ಣಿನ ಬೆಂಜ್

ಕೊಟ್ರಗೌಡರ ಶೆಡ್ಡಿನಲ್ಲಿ ತಾಡಪಾಲು ಎಳೆದಾಗ
ಮೊದಲು ಓಡಿಬಂದದ್ದು ಇಲಿ. ಆಮೇಲೆ ಕಂಡದ್ದು ಕಾರು.
ನಾಲ್ಕು ದುಂಡು ಕಣ್ಣು ಬಿಟ್ಟು ನನ್ನನ್ನೇ ನೋಡಿತು,
ಮದುವೆಮನೆಯಲ್ಲಿ ಯಾರೂ ಊಟಕ್ಕೇಳಿಸದೆ
ಕೂತೇ ಇದ್ದ ದೊಡ್ಡ ಮನುಷ್ಯನ ಹಾಗೆ.

'ತೊಂಬತ್ತೊಂಬತ್ತರ ಮಾಡೆಲ್ಲು. ನಾ ತಂದಿದ್ದು ಅದಿರು ಓಡುವಾಗ.
ಸಂಡೂರು ರೋಡಿನಾಗ ಲಾರಿಗಳೇ ಇದಕ್ಕೆ ದಾರಿ ಬಿಡ್ತಿದ್ವು.'
ಈಗ ಏನು ಓಡುತ್ತಿದೆ ಎಂದು ನಾನು ಕೇಳಲಿಲ್ಲ.
ಎರಡೂವರೆ ಎಂದರು, ಎರಡಕ್ಕೆ ಇಳಿದರು.
ಕೀಲಿ ಕೊಡುವಾಗ ಮಾತ್ರ
ಕೈ ತುಸು ತಡಮಾಡಿತು.

ಕೌಲ್ ಬಜಾರಿನ ನಮ್ಮ ಓಣಿಗೆ ಅದು ಹಿಡಿಸಲಿಲ್ಲ,
ಬಾಲ ರಸ್ತೆಯಲ್ಲೇ ಉಳಿಯಿತು.
ಹುಡುಗರು ಸಾಲಾಗಿ ಬಂದು ನಕ್ಷತ್ರ ಮುಟ್ಟಿದರು.
ಪುಷ್ಪಾವತಿ ಚಕ್ರಕ್ಕೊಂದು ನಿಂಬೆಹಣ್ಣಿಟ್ಟು
ಇನ್ನೊಂದನ್ನು ಕೈಯಲ್ಲೇ ಹಿಡಿದು ಕೇಳಿದಳು:
'ಅಗ್ಗ ಅಂತ ಮುಗ್ಗಲು ಜೋಳ ತಂದಿಲ್ಲ ತಾನೆ?'

ಟಿಂಕರ್ ಚಾಂದ್‌ಪೀರ ಕಣ್ಣಿನಿಂದ ನೋಡುವವನಲ್ಲ.
ಗಡಿಗೆ ಕೊಳ್ಳುವ ಹೆಂಗಸಿನಂತೆ ಗೆಣ್ಣಿನಿಂದ ಬಡಿದ.
ಠಣ್. ಠಣ್. ಠಣ್. ದೊಪ್.
ಬಾಗಿಲ ತಳದ ರಬ್ಬರು ಎತ್ತಿದ, ಕುಂಕುಮದ ಭರಣಿ ತೆರೆದಂತಾಯಿತು.
ಮುಂದಿನ ಸ್ಪ್ರಿಂಗು ಕೂತ ಗೂಡಿಗೆ ಸ್ಕ್ರೂಡ್ರೈವರ್ ಒತ್ತಿದ,
ಮುದ್ದೆಗೆ ಬೆರಳು ಇಳಿದಷ್ಟು ಸಲೀಸಾಗಿ
ಹಿಡಿಯ ತನಕ ಇಳಿಯಿತು.
'ಅಣ್ಣಾ, ಇದು ಕಬ್ಬಿಣದ ಮೇಲೆ ನಿಂತಿಲ್ಲ,
ಬಣ್ಣದ ಮರ್ಯಾದೆ ಮೇಲೆ ನಿಂತೈತೆ.'

ನನ್ನ ಕಸುಬು ಕೇಳಿ, ನಗುತ್ತೀರಿ.
ಜೀನ್ಸ್ ವಾಷಿಂಗ್ ಯೂನಿಟ್ಟು. ಹೊಸ ಪ್ಯಾಂಟಿನ ಮೊಣಕಾಲಿಗೆ
ಉಪ್ಪುಕಾಗದ ಉಜ್ಜುತ್ತೇವೆ, ಕಲ್ಲಿನ ಜೊತೆ ತಿರುಗಿಸುತ್ತೇವೆ,
ಎಂದೂ ಮಂಡಿಯೂರದವನಿಗೆ
ಮಂಡಿ ಸವೆದ ಬಟ್ಟೆ ಕೊಡುತ್ತೇವೆ. ಒಂದಕ್ಕೆ ಹದಿನೆಂಟು ರೂಪಾಯಿ.
ಅದೇ ಎಂಬತ್ತರ ನಂಬರಿನ ಉಪ್ಪುಕಾಗದ
ನನ್ನ ಗೋಡೌನಿನಿಂದಲೇ ಒಯ್ದು ಚಾಂದ್‌ಪೀರ
ಕಾರಿನ ಮುಪ್ಪು ಉಜ್ಜತೊಡಗಿದ.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ನಾನೆಂದೆ:
ಈ ತಗಡು ಇಲ್ಲಿಯದೇ ಇದ್ದೀತು ನೋಡು,
ನಮ್ಮ ಗುಡ್ಡದ ಕೆಂಪು ಮಣ್ಣು ಹಡಗು ಹತ್ತಿ,
ಎಲ್ಲೋ ಕಾಯ್ದು, ಹಾಳೆಯಾಗಿ, ಕಾರಾಗಿ,
ದಾರಿ ಹುಡುಕಿಕೊಂಡು ಊರಿಗೆ ಬಂದು
ಮತ್ತೆ ಮಣ್ಣಾಗುತ್ತಿದೆಯೋ ಏನೋ.
ಅವನು ಬಾಯಿಂದ ಮೊಳೆ ತೆಗೆದ:
'ಹಂಗೇನಿಲ್ಲಣ್ಣ. ಗೌಡ್ರು ಉಪ್ಪು ಬೋರಿನ ನೀರಾಗ ತೊಳಿಸ್ಯಾರ.'

ಲೆಕ್ಕದ ಪುಸ್ತಕದ ಹಿಂಬದಿಯಿಂದ ಬರೆಯುತ್ತ ಬಂದೆ:
ಗೂಡಿನ ವೆಲ್ಡಿಂಗು ಹನ್ನೊಂದು ಸಾವಿರ. ಪುಣೆಯಿಂದ ಸ್ಪ್ರಿಂಗು.
ಗಾಜಿನ ಮೋಟರು. ಮತ್ತೆ ಗಾಜಿನ ಮೋಟರು.
ಮುಂದಿನಿಂದ ಬರುವ ಜೀನ್ಸಿನ ಲಾಭಕ್ಕೂ ಇದಕ್ಕೂ
ನಡುವೆ ಈಗ ಆರು ಹಾಳೆ ಖಾಲಿ.

ಆದರೆ ಒಂದು ಭಾನುವಾರ ಬೆಳಗಿನ ಜಾವ,
ಕುಡತಿನಿ ದಾಟಿದ ಮೇಲೆ,
ಪುಷ್ಪಾವತಿ ಮಾತು ನಿಲ್ಲಿಸಿ ಚಪ್ಪಲಿ ಬಿಟ್ಟು
ಕಾಲು ಮಡಚಿ ಕೂತಳು, ಮನೆಯ ಮಂಚದ ಮೇಲೆ ಕೂತಂತೆ.
ಅದರ ಬೆಲೆ ಯಾವ ಹಾಳೆಯಲ್ಲೂ ಬರೆದಿಲ್ಲ.

ಮೊನ್ನೆ ಗೌಡರು ಬಂದಿದ್ದರು. ಕಾಗದಕ್ಕೆ ಸಹಿ ಅಂತ ನೆವ.
'ಒಂದು ಸುತ್ತು?' ಎಂದೆ.
ಅಭ್ಯಾಸಬಲದಿಂದ ಹಿಂದಿನ ಎಡಸೀಟಿಗೆ ಹತ್ತಿದರು,
ನಾನು ಡ್ರೈವರಾದೆ. ಮೋತಿ ಸರ್ಕಲ್ಲಿನ ತನಕ ಇಬ್ಬರೂ ಮಾತಾಡಲಿಲ್ಲ.
ಇಳಿದು ನಿಂತು, ಬಾಗಿಲ ಅಂಚಿನಲ್ಲಿ ಬಣ್ಣದ ಕೆಳಗೆ
ಹೊಸದಾಗಿ ಎದ್ದ ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿದರು.
'ಇದು ನನ್ನ ಕಾಲಕ್ಕೇ ಇತ್ತು. ಗೊತ್ತಿತ್ತು ನನಗೆ.'

ಮಲಗಿದ ಕೂಸಿನ ಕೋಣೆಯ ಕದದಂತೆ
ಬಾಗಿಲನ್ನು ಮೆಲ್ಲಗೆ ಮುಚ್ಚಿದರು.
ಆದರೂ ಒಂದು ಚಿಟಿಕೆ ಕೆಂಪು ಉದುರಿತು,
ಅವರ ಬಿಳಿ ಪಂಚೆಯ ಅಂಚಿಗೆ.
ಇಬ್ಬರೂ ಅದನ್ನು ನೋಡಿದೆವು, ಕೊಡವಲಿಲ್ಲ.