ನಲವತ್ತೆರಡು ಮೀಟರ್

ಹೆಣ ಹೊರಲು ನಾಲ್ಕು ಹೆಗಲು,
ಜಾಗ ಹೇಳಲು ನಾಲ್ಕು ಉಪಗ್ರಹ.
ಪಾಠದಲ್ಲಿ ಹಾಗಿತ್ತು. ಇಲ್ಲಿ, ಸಂಡೂರಿನ ಗುಡ್ಡದಲ್ಲಿ,
ರೆಪ್ಪೆಯ ಮೇಲೂ ಕೆಂಪು ಧೂಳು ಹೊತ್ತು
ಅಳತೆಕೋಲನ್ನು ನೆಟ್ಟಗೆ ಹಿಡಿದು ನಿಂತಿದ್ದೇನೆ,
ಗುಳ್ಳೆ ನಡುಮಧ್ಯಕ್ಕೆ ಬರಲೆಂದು.

ನನಗೆ ಎರಡು ಸೆಂಟಿಮೀಟರ್ ಬೇಕು.
ಅದಕ್ಕಿಂತ ತಪ್ಪಿದರೆ ಗಡಿಕಲ್ಲು ನೆಡುವಂತಿಲ್ಲ.
ಹೊನ್ನೂರಪ್ಪನ ಅದಿರು ಲಾರಿಗೆ ಹತ್ತು ಮೀಟರ್ ಆದರೂ ನಡೆದೀತು,
ದಾರಿ ಬಿಟ್ಟಿಲ್ಲವೆಂದು ಯಾರದೋ ಪರದೆಯಲ್ಲಿ
ಒಂದು ಚುಕ್ಕಿ ಮಿನುಗಿದರೆ ಸಾಕು.
ಕಣಿವೆಯ ತಿರುವಿನಲ್ಲಿ ಚುಕ್ಕಿ ಆರಿತೋ, ಫೋನು:
"ಎಲ್ಲಿ ನಿಂತೀಯಪ್ಪಾ?"
"ನಿಂತಿಲ್ರೀ ಸಾರ್, ಗುಡ್ಡ ಅಡ್ಡ ಬಂದೈತೆ."
ಗುಡ್ಡದ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ.

ಆಂಬುಲೆನ್ಸಿನ ಎರ್ರಿಸ್ವಾಮಿಗೆ ಮೀಟರಿನ ಲೆಕ್ಕವೇ ಇಲ್ಲ.
ಅವನ ಫೋನು "ತಲುಪಿದ್ದೀರಿ" ಎಂದ ರಾತ್ರಿ
ಎದುರಿಗಿದ್ದದ್ದು ತುಂಬಿದ ಹಳ್ಳ,
ಆಚೆ ದಡದಲ್ಲಿ ಬಸುರಿ, ಯಾರದೋ ಕೈಯ ಟಾರ್ಚು.
ಕೂಗಿದರೆ ಕೇಳುವಷ್ಟು ಹತ್ತಿರ,
ಸುತ್ತಿ ಬಂದರೆ ಒಂಬತ್ತು ಮೈಲಿ.
ಈಗ ಅವನು ಮೊದಲು ಕೇಳುವುದು ಒಂದೇ:
"ಹಳ್ಳದ ಈ ಕಡೆಗೋ, ಆ ಕಡೆಗೋ?"

ಗಣಿಯ ಗುಂಡಿಗಿಳಿದರೆ ಆಕಾಶವೇ ಕಿರಿದು.
ಹದಿನೇಳಿದ್ದದ್ದು ಐದಕ್ಕಿಳಿದು ಅಂಕಿ ನಡುಗುತ್ತದೆ.
ಕಾಯಬೇಕು.
ಕಾಯುವಾಗ ಓಬಕ್ಕ ಬಂದಳು,
ಒಂದು ಕೈಲಿ ಮುಷ್ಟಿಗಾತ್ರದ ಕಲ್ಲು,
ಸೆರಗಿನ ಗಂಟಿನಲ್ಲಿ ಎತ್ತಂಗಡಿಗೆ ಮೊದಲು
ಯಾರೋ ಅಳೆದು ಕೊಟ್ಟ ಚೀಟಿ: ಮನೆ ಏಳು, ಮೂರು ಸಾಲು ಅಂಕಿ.
"ನಮ್ಮವ್ವನ ಒಲಿ ಇದ್ದ ಜಾಗ ತೋರ್ಸವ್ವಾ,
ಒಂದು ಕಲ್ಲಿಟ್ಟು ಹೋಗ್ತೀನಿ."

ಅಂಕಿ ಒತ್ತಿದೆ. ನಡೆದೆವು.
ಎಡಕ್ಕೆ ಎರಡು ಹೆಜ್ಜೆ, ಮುಂದಕ್ಕೆ ಅರ್ಧ.
ಪೂರ್ವ, ಸೊನ್ನೆ. ಉತ್ತರ, ಸೊನ್ನೆ.
ಬಾಣ ಮಾತ್ರ ಮೇಲಕ್ಕೆ ತೋರಿಸುತ್ತಿತ್ತು,
ನಲವತ್ತೆರಡು ಮೀಟರ್.

ಇಲ್ಲೇ ಅಕ್ಕಾ, ಅಂದೆ.
ಇಲ್ಲೇ, ಆದರೆ ಮೇಲೆ.

ಅವಳು ತಲೆಯೆತ್ತಿದಳು.
ಬಿಸಿಲು, ಒಂದು ಹದ್ದು,
ಎದುರು ಗೋಡೆಯಿಂದ ಜಾರುವ ಜಲ್ಲಿ.
"ಅಲ್ಲಿರೋವಕ್ಕೆ ನಮ್ಮ ಒಲಿ ಇನ್ನೂ ಕಾಣ್ತೈತೇನು?"
ಅವು ನೋಡೋದಿಲ್ಲ ಅಕ್ಕಾ,
ಬರೀ ಹೊತ್ತು ಹೇಳ್ತವೆ, ಬಿಡದೆ.

ಕಲ್ಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು
ನನ್ನ ಕೋಲಿನ ತುದಿಯನ್ನೇ ನೋಡುತ್ತ ಕೇಳಿದಳು:
"ಎಷ್ಟು ಹೊತ್ತಾತಂತೆ?"