ಹತ್ತಿ ಒಣಗುವುದಿಲ್ಲ

ಬೊಕ್ಕಪಟ್ಣದ ಈ ಮನೆಯಲ್ಲಿ
ಒಣಗುವುದೆಂದರೆ ಸಣ್ಣ ಸಂಗತಿಯಲ್ಲ.
ಹೊಳೆಯ ಕಡೆಯಿಂದ ಉಪ್ಪುಗಾಳಿ,
ಬೆಂಕಿಪೆಟ್ಟಿಗೆಯ ಕಡ್ಡಿಗೂ ಬೆವರು,
ತಂತಿಯ ಮೇಲಿನ ಲುಂಗಿ
ಮೂರನೇ ದಿನವೂ ಕೈಗೆ ತಂಪು.

ಅಂಥದ್ದರಲ್ಲಿ ನಾನು ಕೂತಿದ್ದೇನೆ,
ಹೆಬ್ಬೆರಳುದ್ದದ ಡಬ್ಬಿಗಳನ್ನು ಒಣಗಿಸಲು.

ಇಪ್ಪತ್ತೆರಡು ಇವೆ.
ಕಾಲೇಜು ಹುಡುಗರು ಎಳೆದೆಳೆದು ಖಾಲಿ ಮಾಡಿದ್ದು.
ಹೊಸತು ಸಿಗುವುದಿಲ್ಲ ಈಗ,
ಕದ್ದು ಬಂದದ್ದರ ಬೆಲೆ ಕೇಳಬಾರದು.
ಹಳತನ್ನೇ ತೊಳೆದು ಕೊಡು ಯತೀಶಣ್ಣ,
ಒಂದಕ್ಕೆ ಮೂವತ್ತು ರೂಪಾಯಿ, ಅಂದರು.
ಮೊಬೈಲಿಗೆ ಗಾಜು ಅಂಟಿಸುವ ಕೈ ನನ್ನದು,
ಸಣ್ಣದಕ್ಕೆ ಹೆದರುವುದಿಲ್ಲ.

ಚಿಮುಟದಿಂದ ಬಾಯಿಯ ಮುಚ್ಚಳ ಎಬ್ಬಿಸಬೇಕು.
ಕಂದು ಹತ್ತಿ ಹೊರಗೆ ಬರುತ್ತದೆ,
ಹಲ್ಲಿನ ಡಾಕ್ಟರ ಕೈಯಲ್ಲಿ ಬಂದ ಹಾಗೆ.
ಬಿಸಿನೀರಿಗೆ ಬಿಟ್ಟರೆ
ಸ್ಟೀಲು ಲೋಟದ ಮೇಲೆ ಎಣ್ಣೆಯ ಕಾಮನಬಿಲ್ಲು,
ಪುದೀನದ ವಾಸನೆ, ಮಾವಿನ ವಾಸನೆ,
ಯಾವ ಮರದಲ್ಲೂ ಆಗದ ಮಾವು.
ಕುಲುಕು, ಬಸಿ, ಮತ್ತೆ ಕುಲುಕು.
ಮೂರನೇ ನೀರು ತಿಳಿಯಾದ ಮೇಲೆ
ಬಾಯಿ ಇಟ್ಟು ಊದಬೇಕು.
ಅಲ್ಲಿ ಮಾತ್ರ ಕಣ್ಣು ಮುಚ್ಚುತ್ತೇನೆ.

ವಾರಿಜ ದೊಡ್ಡಮ್ಮ ಗೋಡೆಗೊರಗಿ ಬೀಡಿ ಕಟ್ಟುತ್ತಾಳೆ.
ಅವಳ ಎಲೆಗೆ ತೇವ ಬೇಕು,
ಒದ್ದೆ ಗೋಣಿಯಲ್ಲಿ ಮಗುವಿನ ಹಾಗೆ ಮಲಗಿಸುತ್ತಾಳೆ,
ಇಲ್ಲವಾದರೆ ಸುತ್ತುವಾಗ ಸೀಳುತ್ತದೆ.
ನನ್ನ ಹತ್ತಿಯಲ್ಲಿ ತೇವ ಉಳಿದರೆ
ಎಳೆದವನ ನಾಲಗೆಗೆ ಚಟ್ಟನೆ ಬಿಸಿನೀರು ಹಾರುತ್ತದೆ.
ಇರುವುದು ಒಂದೇ ಕೋಣೆ, ಒಂದೇ ಫ್ಯಾನು.
ನಾನು ಹಾಕುತ್ತೇನೆ,
ತಂಬಾಕು ಹಾರುತ್ತದೆಂದು ಅವಳು ಆರಿಸುತ್ತಾಳೆ.

ಆಸ್ಪತ್ರೆಯ ಸಾಮಾನು, ದಮ್ಮಿನವರಿಗೆ,
ಅಂತ ಹೇಳಿಟ್ಟಿದ್ದೆ.
ಹೂಂ, ಅಂದಿದ್ದಳು.

ಮೂರನೇ ರಾತ್ರಿಯೂ ಒಣಗದಾಗ
ಎಲ್ಲವನ್ನೂ ಅಕ್ಕಿಯ ಡಬ್ಬದಲ್ಲಿ ಹುಗಿದೆ.
ನೀರಿಗೆ ಬಿದ್ದ ಫೋನಿಗೆ ಊರೇ ಮಾಡುವ ಮದ್ದು.
ಬೆಳಿಗ್ಗೆ ಬೇಗ ಎದ್ದು ತೆಗೆಯುವ ಲೆಕ್ಕ.
ಎದ್ದಾಗ ಎಂಟೂವರೆ.
ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕೊತಕೊತ,
ಮನೆಯಿಡೀ ಸ್ಟ್ರಾಬೆರಿ.

ದೊಡ್ಡಮ್ಮ ಡಬ್ಬಿಗಳನ್ನು ತಟ್ಟೆಯಲ್ಲಿ ಜೋಡಿಸಿದ್ದಳು,
ಐದೈದರ ನಾಲ್ಕು ಸಾಲು, ಮೇಲೆ ಎರಡು.
“ಇನ್ನು ಮೂರು ಇದ್ದಿದ್ದರೆ ಒಂದು ಕಟ್ಟು ಆಗುತ್ತಿತ್ತು.
ದಮ್ಮಿನವರಿಗಾ ಇದು?”
ನಾನು ಮಾತಾಡಲಿಲ್ಲ.
“ಮೂವತ್ತನಾಲ್ಕು ವರ್ಷ ಆಯ್ತು ಮಾರಾಯ
ಈ ಬೆರಳು ಹೊಗೆ ಸುತ್ತಲು ಶುರು ಮಾಡಿ.
ಹೊಗೆಯ ಸಾಮಾನು ನನಗೆ ಗೊತ್ತಾಗುವುದಿಲ್ಲವಾ?”

ಒಂದನ್ನೆತ್ತಿ ಬೆಳಕಿಗೆ ಹಿಡಿದಳು.
ಬಾಯಿಯ ತುದಿಯಲ್ಲಿ ಹಲ್ಲಿನ ಗುರುತು.
“ಯಾರೋ ಕಚ್ಚಿದ್ದು.”
“ತೊಳೆದಿದ್ದೇನೆ.”
“ಎಂಜಲು ತೊಳೆದರೆ ಹೋಗುತ್ತದಾ?
ನನ್ನ ಬೀಡಿಗೆ ಮೊದಲ ಬಾಯಿ ಸೇದುವವನದ್ದೇ.
ಅದಕ್ಕೂ ಮೊದಲು ತಾಗಿದ್ದು ನನ್ನ ಉಗುರು, ಅಷ್ಟೆ.”
ಸೆರಗಿನೊಳಗೆ ಕೆಮ್ಮಿದಳು.
ಒಂದು ದಮ್ಮೂ ಎಳೆಯದವಳ ಕೆಮ್ಮು
ಎಳೆದವರದ್ದರ ಹಾಗೆಯೇ ಇರುತ್ತದೆ.

ಆಮೇಲೆ ಕೇಳಿದಳು, ಒಂದಕ್ಕೆ ಎಷ್ಟು.
ಹೇಳಿದೆ.
ಬೆರಳು ಮಡಿಸಿದಳು, ಬಿಡಿಸಿದಳು.
ಸಾವಿರಕ್ಕೆ ಬ್ರಾಂಚಿನಲ್ಲಿ ಕೊಡುವುದು,
ಅದರಲ್ಲಿ ಸರಿಯಿಲ್ಲವೆಂದು ಮುರಿದು ಎಸೆಯುವುದು.
ಲೆಕ್ಕ ಎಲ್ಲಿ ನಿಂತಿತೋ, ಸುಮ್ಮನಾದಳು.

ಗಂಜಿ ಚೆಲ್ಲುವ ಮನೆಯಲ್ಲ ಇದು.
ಚೆಲ್ಲಿದಳು, ಬಾಳೆಯ ಬುಡಕ್ಕೆ.
ಪಕ್ಕದ ಮನೆಯ ಕೋಳಿ ಓಡಿ ಬಂದು
ತಲೆ ಓರೆ ಮಾಡಿ ನೋಡಿ
ಹಾಗೇ ಹಿಂದೆ ಹೋಯಿತು.

ಮಧ್ಯಾಹ್ನ ಒಂದು ಗಳಿಗೆ ಬಿಸಿಲು ಬಂತು.
ಬೀಡಿಯ ತಡ್ಪೆಯನ್ನು ಅಂಗಳಕ್ಕೆ ತಂದಳು.
ಅಂಚಿನಲ್ಲಿ, ಬೀಡಿಗೆ ತಾಗದಂತೆ
ನಡುವೆ ಹಳೆಯ ಪೇಪರು ಮಡಿಸಿಟ್ಟು,
ನನ್ನ ಇಪ್ಪತ್ತೆರಡು.
ಕಾಗೆಗೆ ಕೋಲು ಹಿಡಿದು ಸಂಜೆಯವರೆಗೂ ಕೂತಳು.
ಯಾವುದನ್ನು ಕಾಯುತ್ತಿದ್ದಾಳೆಂದು
ನಾನು ಕೇಳಲಿಲ್ಲ.

ದೀಪ ಹಾಕುವ ಹೊತ್ತಿಗೆ ಹತ್ತಿಯನ್ನು ಒತ್ತಿ ನೋಡಿದೆ.
“ಉಪ್ಪು ಹಾಕದೆ ಈ ಊರಲ್ಲಿ
ಎಂತ ಒಣಗಿದ್ದುಂಟು,” ಅಂದಳು
ನನ್ನ ಮುಖ ನೋಡದೆ,
ಕತ್ತರಿಯ ಕೀಲಿಗೆ ಎಣ್ಣೆ ಬಿಡುತ್ತಾ.