ಮರಿಗೆ ತೊಳೆದವನು

ಮರಿಗೆ ತೊಳೆದೆ. ಅಷ್ಟೇ ನಾನು ಮಾಡಿದ್ದು.
ಸೋಪು ಹಾಕಿ, ಕುದಿನೀರು ಹುಯ್ದು, ಬ್ರಷ್ಷಿನಲ್ಲಿ ಉಜ್ಜಿ,
ಸಂದಿಗೊಂದಿಯ ಕಂದು ಹಕ್ಕಳೆಯನ್ನೆಲ್ಲ ಕೆರೆದು
ಒಲೆಯ ಪಕ್ಕ ಬೋರಲು ಹಾಕಿದೆ,
ಶಾಭಾಸ್ ಅನ್ನಿಸಿಕೊಳ್ಳಲು ಕಾಯುತ್ತ.

ಇರ್ಯಾ ಬಂದಳು. ಬಲಗೈಗೆ ಪ್ಲಾಸ್ಟರು,
ಐಸುಗಟ್ಟಿದ ಮೆಟ್ಟಿಲಲ್ಲಿ ಜಾರಿ ಹತ್ತು ದಿನ.
ನೋಡಿದಳು. ಕೂತಳು.
"ಅದರೊಳಗೆ ನಮ್ಮಮ್ಮ ಇದ್ದಳು" ಅಂದಳು.

ಮೂವತ್ತೊಂದು ವರ್ಷ ನುರ್ಮೆಸ್ ದಾರಿಯಲ್ಲಿ ರೈಲು ಓಡಿಸಿದವನಿಗೆ
ಯಾರು ಹೇಳಬೇಕಿತ್ತು,
ರೈ ಹಿಟ್ಟಿನ ಹುಳಿ ಮರದ ನಾರಿನಲ್ಲಿ ಒಣಗಿ ಮಲಗಿರುತ್ತದೆ,
ಬೆಚ್ಚನೆ ನೀರು ತಾಕಿದರೆ ಎದ್ದು ಕೂರುತ್ತದೆ ಎಂದು?
ಗಡಿ ಸರಿದ ವರ್ಷ ಅವಳ ಅಮ್ಮ
ಹಸು ಬಿಟ್ಟಳು, ಗೋಡೆ ಗಡಿಯಾರ ಬಿಟ್ಟಳು,
ಕೂಸಿಗೆ ಹೊದಿಸಬೇಕಾದ ಕಂಬಳಿ ಮರಿಗೆಗೆ ಹೊದಿಸಿ
ಗಾಡಿ ಹತ್ತಿದಳಂತೆ.
ಆ ಕೂಸು ಇವಳೇ. ಇವತ್ತಿಗೂ
ಎರಡೆರಡು ಜೊತೆ ಕಾಲುಚೀಲ.

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ಸಂಜೆ ಟೋಪಿ ಸಿಕ್ಕಿಸಿಕೊಂಡು
ಹೆಪ್ಪುಗಟ್ಟಿದ ಕೆರೆಯ ಮೇಲೆ ಹೆಪ್ಪು ಕೇಳಲು ನಡೆದೆ,
ಆಚೆ ದಡದ ಹಿಲ್ಕಾ ಮನೆಗೆ.
ಆರು ವರ್ಷವಾಗಿತ್ತು ಇಬ್ಬರೂ ಮಾತು ಬಿಟ್ಟು.
ಇರ್ಯಾಳ ಬ್ಲೂಬೆರಿ ಟಾರ್ಟ್ ಬಾಯಿಗಿಟ್ಟು,
ಪಾದ್ರಿಯ ಎದುರಿಗೇ,
"ತಳ ಹಸಿ" ಅಂದಿದ್ದಳು ಹಿಲ್ಕಾ.

ಕಥೆಯೆಲ್ಲ ಕೇಳಿ ನಗಲಿಲ್ಲ.
ಒಳಗಿಂದ ಬಟ್ಟೆ ಮುಚ್ಚಿದ ಜಾಡಿ ತಂದಳು.
"ಇದೂ ಅವಳದೇ. ಎಪ್ಪತ್ತೆಂಟರಲ್ಲಿ ಒಂದು ಹಿಡಿ ಕೊಟ್ಟಿದ್ದಳು.
ಸಾಯಿಸಿಲ್ಲ ಅಂತ ಹೇಳು."
ಕೋಟಿನೊಳಗೆ, ಅಂಗಿಗೊತ್ತಿ ತಂದೆ ಅದನ್ನು.
ದಾರಿಯುದ್ದ ಎದೆಯ ಹತ್ತಿರ ಸಣ್ಣಗೆ ಗುಳ್ಳೆ ಒಡೆಯುವ ಸದ್ದು,
ಮಾಗಿದ ಸೇಬಿನ ವಾಸನೆ.

ಆಮೇಲೆ ಎರಡು ದಿನ, ನನ್ನ ಕೈ, ಅವಳ ಬಾಯಿ.
"ನಾದು. ಇನ್ನೂ. ಹಿಟ್ಟು ನಿನ್ನ ಕೈ ಬಿಡೋ ತನಕ."
ರೈ ಹಿಟ್ಟು ಯಾರ ಕೈಯನ್ನೂ ಬಿಡುವುದಿಲ್ಲ.
ಮೊಣಕೈವರೆಗೂ ಮೆತ್ತಿಕೊಂಡು, ಮೂಗು ತುರಿಸಿದರೆ
ತುರಿಸಿಕೊಳ್ಳಲಾಗದೆ ನಿಂತೆ;
ಎಡಗೈಯಲ್ಲಿ ಬಂದು ಅವಳೇ ತುರಿಸಿದಳು.

ಹಾಳೆಯಷ್ಟು ತೆಳ್ಳಗೆ ಲಟ್ಟಿಸು, ನಡುವೆ ಹಾಲಲ್ಲಿ ಬೆಂದ ಅನ್ನ,
ಅಂಚನ್ನು ಬೆರಳಲ್ಲಿ ಒತ್ತೊತ್ತಿ ನಿರಿಗೆ ಹಿಡಿ.
ಅವಳ ಪೈಗಳು ದೋಣಿಯಂತಿರುತ್ತಿದ್ದವು.
ನನ್ನವು ಬಾಯಿ ಬಿಟ್ಟ ಬೂಟು.
"ಇದು ಕಾಲಿಗೋ, ಹೊಟ್ಟೆಗೋ?"
ಅನ್ನುತ್ತಲೇ ಎಲ್ಲಕ್ಕಿಂತ ಸೊಟ್ಟಗಿದ್ದದ್ದನ್ನು
ಬೆಣ್ಣೆ ಸೋರುತ್ತಿದ್ದಂತೆ ಬಾಯಿಗೆ ಹಾಕಿಕೊಂಡಳು.

ಇಟ್ಟಿಗೆ ಒಲೆಯೊಳಗೆ ಒಂದು ಚಿಟಿಕೆ ಹಿಟ್ಟು ಎರಚಿ ಎಣಿಸುತ್ತಾಳೆ:
ಐದಕ್ಕೆ ಕಪ್ಪಾದರೆ ಪೈ,
ಹತ್ತಕ್ಕೆ ಕೆಂಪಾದರೆ ಬ್ರೆಡ್ಡು,
ಇನ್ನೂ ಆರಿದ ಮೇಲೆ ಟಾರ್ಟು,
ಕೊನೆಗೆ, ಕೆಂಡ ಗೋರಿ ಬಾಗಿಲು ಮುಚ್ಚಿದ ಮೇಲೆ,
ಬಾರ್ಲಿ ಹಾಲಿನ ಪುಡಿಂಗು, ಬೆಳಗಿನ ತನಕ.
ಇದೊಂದು ಮಾತ್ರ ನನಗೆ ಕಲಿಸಬೇಕಿರಲಿಲ್ಲ.
ಮುಂದಿನ ನಿಲ್ದಾಣ ದೂರವಿದ್ದಾಗಲೇ
ವೇಗ ಇಳಿಸುತ್ತ ಬರುವುದು ನನಗೆ ಗೊತ್ತು.

ಬ್ರೆಡ್ಡಿನ ಬೆನ್ನು ತಟ್ಟಿದೆ. ಟೊಳ್ಳು ಬಾಗಿಲಿನ ಸದ್ದು.
"ಬೆಂದಿದೆ" ಅಂದಳು, ಪಕ್ಕದ ಕೋಣೆಯಿಂದ, ನೋಡದೆ.

ಬೆಳಿಗ್ಗೆ ಪುಡಿಂಗಿನ ಮೇಲಿನ ಕಂದು ಕೆನೆಯನ್ನೆಲ್ಲ
ಎಡಗೈ ಚಮಚದಲ್ಲಿ ಅವಳೊಬ್ಬಳೇ ಬಳಿದಳು.
ನನಗುಳಿದದ್ದು ತಳದ ಬಿಳಿ.
ಆಮೇಲೆ ಬ್ಲೂಬೆರಿ ಟಾರ್ಟಿನ ಕಾಲು ಭಾಗ ಕೊಯ್ಯಿಸಿ,
"ತಳ ಒತ್ತಿ ನೋಡಬೇಕಂತೆ ಅಂತ ಹೇಳು" ಎಂದು
ಕೆರೆಯಾಚೆ ಅಟ್ಟಿದಳು.

ಹಿಲ್ಕಾ ಒತ್ತಿದಳು. ತಿಂದಳು. ಬೆರಳು ನೆಕ್ಕಿ,
"ಅಂಚು ಸೀದಿದೆ" ಅಂದಳು.
ಖಾಲಿ ತಟ್ಟೆ ಕಳಿಸಲಿಲ್ಲ, ಅದರಲ್ಲಿ ಮೂರು ಮೊಟ್ಟೆಯಿಟ್ಟಳು.

"ತುಂಬ ಚೆನ್ನಾಗಿದೆಯಂತೆ" ಎಂದೆ ಮನೆಗೆ ಬಂದು.
"ಸುಳ್ಳುಗಾರ. ಅವಳು ಸತ್ತರೂ ಹಾಗನ್ನೋಳಲ್ಲ,"
ಇರ್ಯಾ ನಕ್ಕಳು, ಪ್ಲಾಸ್ಟರು ಅಲುಗುವಷ್ಟು.

ಮರಿಗೆ ಒಲೆಯ ಪಕ್ಕ ಒಣಗುತ್ತಿದೆ, ಹಿಟ್ಟು ಮೆತ್ತಿದ ಹಾಗೇ.
ಅದರ ಹತ್ತಿರ ಸುಮ್ಮನೆ ಹಾದು ಹೋದರೂ
ಅವಳು ಕೆಮ್ಮುತ್ತಾಳೆ.